ನಿಜಾಮ, ದಿವಾನ, ರೆಸಿಡೆಂಟ: ಹೈದರಾಬಾದು ಸಂಸ್ಥಾನದಲ್ಲಿ ಅಧಿಕಾರದ ತೂಕ

ಹೈದರಾಬಾದು ನಗರದಲ್ಲಿ ಮೂಸಿ ನದಿಯ ಎರಡು ದಂಡೆಗಳ ಮೇಲೆ, ಒಂದರಿಂದೊಂದು ಕಾಲ್ನಡಿಗೆಯಲ್ಲಿಯೇ ಮುಟ್ಟಬಹುದಾದಷ್ಟು ಸಮೀಪದಲ್ಲಿ, ಮೂರು ಹಳೆಯ ಅಧಿಕಾರಸ್ಥಾನಗಳ ನೆಲೆಗಳಿವೆ. ದಕ್ಷಿಣದ ದಂಡೆಯಲ್ಲಿ, ಚಾರ್‌ಮಿನಾರಿನ ಬಳಿ, ನಿಜಾಮರ ಚೌಮಹಲ್ಲಾ ಅರಮನೆ. ಅದೇ ದಂಡೆಯಲ್ಲಿ, ನದಿಗೆ ಇನ್ನೂ ಹತ್ತಿರದಲ್ಲಿ, ಸಾಲಾರಜಂಗರ ಮನೆತನದವರ ದಿವಾನ ದೇವಡಿಯಿದ್ದ ಸ್ಥಳ. ನದಿಯನ್ನು ದಾಟಿ ಉತ್ತರಕ್ಕೆ ಬಂದರೆ, 19ನೆಯ ಶತಮಾನದ ಮೊದಲ ವರ್ಷಗಳಲ್ಲಿ ಜೇಮ್ಸ್ ಕರ್ಕ್‌ಪ್ಯಾಟ್ರಿಕನು ಕಟ್ಟಿಸಿದ, ದೊಡ್ಡ ಕಂಬಗಳ ಸಾಲುಳ್ಳ ಬ್ರಿಟಿಷ್ ರೆಸಿಡೆನ್ಸಿ. ಇಂದು ಅದು ಮಹಿಳಾ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಸುಮಾರು ಒಂದೂವರೆ ಶತಮಾನದ ಕಾಲ ಎಂಬತ್ತೆರಡು ಸಾವಿರ ಚದರ ಮೈಲಿಗಳಷ್ಟು ವಿಸ್ತಾರವುಳ್ಳ ಒಂದು ಸಂಸ್ಥಾನದ ಆಡಳಿತವು ಈ ಮೂರು ಕಟ್ಟಡಗಳ ನಡುವೆ ಪತ್ರವ್ಯವಹಾರವಾಗಿ, ಮುನಿಸಾಗಿ, ಒಪ್ಪಂದವಾಗಿ, ಅನೇಕ ವೇಳೆ ನಿಶ್ಚಲವಾಗಿ ನಡೆಯಿತು.

ಆ ಸಂಸ್ಥಾನದ ಪ್ರಜೆಗಳಲ್ಲಿ ಸುಮಾರು ಹತ್ತರಲ್ಲೊಂದು ಪಾಲಿನವರು ಕನ್ನಡಿಗರಾಗಿದ್ದರು. ಬೀದರ, ಕಲಬುರಗಿ, ರಾಯಚೂರುಗಳ ರೈತನಿಗೆ ಈ ಮೂರು ಮಂದಿರಗಳಲ್ಲಿ ಯಾವುದರ ಬಾಗಿಲೂ ತೆರೆದಿರಲಿಲ್ಲ. ಆದರೆ ಅವುಗಳ ನಡುವಣ ತೂಕ ಹೆಚ್ಚುಕಡಿಮೆಯಾದಾಗಲೆಲ್ಲ ಅವನ ಊರು ಕೈ ಬದಲಾಯಿಸಿತು. ಈ ತೂಕದ ಸ್ವರೂಪವೇನು, ಅದು ಎಲ್ಲೆಲ್ಲಿ ಕಗ್ಗಂಟಾಯಿತು, ಕಗ್ಗಂಟನ್ನು ಬಿಡಿಸಿದವರಾರು, ಅದರ ಬೆಲೆಯನ್ನು ತೆತ್ತವರಾರು ಎಂಬುದನ್ನು ಕ್ರಮವಾಗಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ತಕ್ಕಡಿಯ ರಚನೆ

ಅಧಿಕಾರವನ್ನು ಒಂದೇ ಕೈಯಲ್ಲಿ ಕೂಡಿಹಾಕದೆ ಹಂಚಬೇಕು, ಒಂದು ಅಧಿಕಾರವು ಮತ್ತೊಂದನ್ನು ತಡೆಯುವಂತಿರಬೇಕು ಎಂಬ ತತ್ತ್ವವನ್ನು ಫ್ರಾನ್ಸಿನ ಮಾಂಟೆಸ್ಕ್ಯೂ 1748ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಅವನ ದೃಷ್ಟಿಯಲ್ಲಿ ಈ ತಡೆಯ ಫಲವು ಪ್ರಜೆಯ ಸ್ವಾತಂತ್ರ್ಯ. ಹೈದರಾಬಾದಿನಲ್ಲಿಯೂ ಅಧಿಕಾರವು ಹಂಚಿಹೋಗಿದ್ದಿತು. ಒಂದು ಮತ್ತೊಂದನ್ನು ತಡೆಯುತ್ತಲೂ ಇದ್ದಿತು. ಆದರೆ ಅದನ್ನು ಯಾರೂ ತತ್ತ್ವದಿಂದ ರಚಿಸಿದ್ದಲ್ಲ. ಸಾಲ, ಸೈನ್ಯ, ಸಂಧಿಪತ್ರಗಳ ಒತ್ತಡದಿಂದ ಅದು ತಾನಾಗಿ ಬೆಳೆಯಿತು.

1798 ಮತ್ತು 1800ರ ಒಪ್ಪಂದಗಳಿಂದ ನಿಜಾಮನು ಕಂಪನಿಯ ಸಹಾಯಕ ಸೈನ್ಯವನ್ನು ತನ್ನ ರಾಜ್ಯದಲ್ಲಿ ಇರಿಸಿಕೊಂಡನು. ಆ ಸೈನ್ಯದ ವೆಚ್ಚಕ್ಕಾಗಿ, ಟೀಪೂ ಸುಲ್ತಾನನೊಡನೆ ನಡೆದ ಯುದ್ಧಗಳಲ್ಲಿ ತನಗೆ ದೊರೆತಿದ್ದ ಬಳ್ಳಾರಿ ಮೊದಲಾದ ಪ್ರದೇಶಗಳನ್ನು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟನು. ಹೀಗೆ ತಕ್ಕಡಿಗೆ ಮೊದಲು ಬಿದ್ದ ಕಲ್ಲುಗಳಲ್ಲಿಯೇ ಕನ್ನಡನಾಡಿನ ಒಂದು ದೊಡ್ಡ ಭಾಗವಿದ್ದಿತು. ಅಂದಿನಿಂದ ಹೊರಗಿನ ವ್ಯವಹಾರವೆಲ್ಲ ರೆಸಿಡೆಂಟನ ಮೂಲಕವೇ ನಡೆಯತೊಡಗಿತು. ಒಳಗಿನ ಆಡಳಿತವು ನಿಜಾಮನದೇ ಎಂದು ಒಪ್ಪಂದಗಳು ಹೇಳುತ್ತಿದ್ದರೂ, ದಿವಾನನು ಯಾರಾಗಬೇಕೆಂಬ ಪ್ರಶ್ನೆಯಲ್ಲಿ ರೆಸಿಡೆನ್ಸಿಯ ಮಾತು ನಿರ್ಣಾಯಕವಾಯಿತು. 1804ರಲ್ಲಿ ಮೀರ್ ಆಲಮನು ದಿವಾನನಾದುದು ಆಂಗ್ಲರ ಒತ್ತಾಸೆಯಿಂದಲೇ.

ಮೀರ್ ಆಲಮನು 1808ರಲ್ಲಿ ತೀರಿಕೊಂಡ ಬಳಿಕ ಒಂದು ವಿಚಿತ್ರವಾದ ಏರ್ಪಾಡು ಉಂಟಾಯಿತು. ಅವನ ಅಳಿಯ ಮುನೀರುಲ್ ಮುಲ್ಕನು ಹೆಸರಿಗೆ ದಿವಾನನಾದನು. ಆದರೆ ಆಡಳಿತದಲ್ಲಿ ಕೈಹಾಕದೆ ಅದನ್ನು ಪೇಷ್ಕಾರ ಚಂದೂಲಾಲನಿಗೆ ಬಿಟ್ಟಿರಬೇಕೆಂಬುದು ಅವನ ನೇಮಕದ ಕರಾರಾಗಿದ್ದಿತು. ನಿಜಾಮ ಸಿಕಂದರ್ ಜಾಹನು ಬೇಸರದಿಂದ ಅಂತಃಪುರವನ್ನು ಸೇರಿದನು. ಪಟ್ಟವಿದ್ದವನಿಗೆ ಆಸಕ್ತಿಯಿಲ್ಲ, ಪದವಿಯಿದ್ದವನಿಗೆ ಅಧಿಕಾರವಿಲ್ಲ, ಅಧಿಕಾರವಿದ್ದವನಿಗೆ ರೆಸಿಡೆಂಟನ ಕೃಪೆಯ ಹೊರತು ಬೇರೆ ಆಧಾರವಿಲ್ಲ. ಈ ಸ್ಥಿತಿಯ ಫಲವೇ ವಿಲಿಯಂ ಪಾಮರ್ ಕಂಪನಿಯ ಪ್ರಕರಣ. ಚಂದೂಲಾಲನು ಸೈನ್ಯದ ಸಂಬಳಕ್ಕಾಗಿ ಆ ಸಾಹುಕಾರಿ ಸಂಸ್ಥೆಯಿಂದ ಭಾರಿ ಬಡ್ಡಿಗೆ ಸಾಲವೆತ್ತುತ್ತ ಹೋದನು. 1820ರಲ್ಲಿ ರೆಸಿಡೆಂಟನಾಗಿ ಬಂದ ಚಾರ್ಲ್ಸ್ ಮೆಟ್‌ಕಾಫನು ಅದನ್ನು ಬಯಲಿಗೆಳೆದನು. ಕಡೆಗೆ, ಉತ್ತರ ಸರ್ಕಾರುಗಳಿಗಾಗಿ ಕಂಪನಿಯು ವರ್ಷಂಪ್ರತಿ ಸಲ್ಲಿಸುತ್ತಿದ್ದ ಏಳು ಲಕ್ಷ ರೂಪಾಯಿಗಳ ಪೇಷ್ಕಷನ್ನು 1823ರಲ್ಲಿ ಒಂದೇ ಸಲ ಸುಮಾರು ಒಂದು ಕೋಟಿ ಹದಿನಾರು ಲಕ್ಷಕ್ಕೆ ತೀರಿಸಿಕೊಂಡು ಆ ಸಾಲದಿಂದ ಸಂಸ್ಥಾನವು ಬಿಡುಗಡೆ ಹೊಂದಬೇಕಾಯಿತು.

ಮೆಟ್‌ಕಾಫನು ಕಂದಾಯದ ಮೇಲ್ವಿಚಾರಣೆಗಾಗಿ ಜಿಲ್ಲೆಗಳಿಗೆ ಐರೋಪ್ಯ ಅಧಿಕಾರಿಗಳನ್ನು ಕಳುಹಿಸಿದನು. 1829ರಲ್ಲಿ ಪಟ್ಟಕ್ಕೆ ಬಂದ ನಾಸಿರುದ್ದೌಲನು ತನ್ನ ರಾಜ್ಯದಲ್ಲಿ ಪರರ ಅಧಿಕಾರಿಗಳು ಬೇಡವೆಂದನು. ಅವರನ್ನು ಹಿಂದಕ್ಕೆ ಕರೆಯಿಸಿಕೊಳ್ಳಲಾಯಿತು. ರಾಜನ ಮಾನವೇನೋ ಉಳಿಯಿತು. ತಾಲ್ಲೂಕುಗಳು ಮರಳಿ ಗುತ್ತಿಗೆದಾರರ ಕೈಗೆ ಹೋದವು. ಸುಧಾರಣೆಯೆಂಬುದು ಯಾವ ಬಾಗಿಲಿನಿಂದ ಬಂದಿತು ಎಂಬುದೇ ಮುಖ್ಯವಾಗಿ, ಅದರಿಂದ ಯಾರಿಗೆ ಹಿತವಾಯಿತು ಎಂಬುದು ಮರೆಯಾಗುವ ಈ ರೀತಿಯು ಮುಂದೆಯೂ ಅನೇಕ ಸಲ ಮರುಕಳಿಸಿತು.

1853: ಖಾಲಿ ಬೊಕ್ಕಸ, ಹೊಸ ದಿವಾನ

1843ರಲ್ಲಿ ಚಂದೂಲಾಲನು ರಾಜೀನಾಮೆ ಕೊಟ್ಟನು. ಮುಂದಿನ ಹತ್ತು ವರ್ಷಗಳಲ್ಲಿ ದಿವಾನರು ಮೇಲಿಂದ ಮೇಲೆ ಬದಲಾದರು. ನಡುವೆ ದಿವಾನನೇ ಇಲ್ಲದ ಕಾಲವೂ ಇದ್ದಿತು. ಆಂಗ್ಲ ಅಧಿಕಾರಿಗಳ ಕೈಕೆಳಗಿದ್ದ ಕಂಟಿಂಜೆಂಟ್ ಎಂಬ ಸೈನ್ಯದ ಸಂಬಳವು ಬಾಕಿ ಬೀಳುತ್ತ, ಕಂಪನಿಯ ಸಾಲವು ಬೆಳೆಯುತ್ತ ಹೋಯಿತು. 1853ರ ಮೇ ತಿಂಗಳಲ್ಲಿ ಆದ ಒಪ್ಪಂದದಂತೆ ವರ್ಹಾಡ ಪ್ರಾಂತ, ನಳದುರ್ಗದ ಸೀಮೆ ಮತ್ತು ರಾಯಚೂರು ದೋಆಬು ಕಂಪನಿಯ ಆಡಳಿತಕ್ಕೆ ಹೋದವು. ಕೃಷ್ಣೆ ತುಂಗಭದ್ರೆಗಳ ನಡುವಣ ಈ ದೋಆಬಿಗಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ತಲೆಮಾರುಗಳ ವರೆಗೆ ಕಾದಾಡಿದ್ದರು. ಈಗ ಅದು ಯುದ್ಧವಿಲ್ಲದೆಯೇ, ಸಂಬಳದ ಬಾಕಿಗಾಗಿ, ಒಂದು ಸಹಿಯಿಂದ ಹೋಯಿತು.

ಆ ಒಪ್ಪಂದವಾದ ಕೆಲವೇ ದಿನಗಳಲ್ಲಿ ದಿವಾನ ಸಿರಾಜುಲ್ ಮುಲ್ಕನು ಮೃತನಾದನು. ಅವನ ಸ್ಥಾನಕ್ಕೆ ಅವನ ಸೋದರನ ಮಗ, ಮುನೀರುಲ್ ಮುಲ್ಕನ ಮೊಮ್ಮಗ, ಮೀರ್ ತುರಾಬ್ ಅಲಿಖಾನನು ಬಂದನು. ಇತಿಹಾಸದಲ್ಲಿ ಒಂದನೆಯ ಸಾಲಾರಜಂಗನೆಂದು ಪ್ರಸಿದ್ಧನಾದ ಅವನಿಗೆ ಆಗ ವಯಸ್ಸು ಇಪ್ಪತ್ತನಾಲ್ಕು. ಬೊಕ್ಕಸವು ಬರಿದಾಗಿದ್ದಿತು, ತಾಲ್ಲೂಕುಗಳು ಸಾಹುಕಾರರ ಮತ್ತು ಅರಬ ಜಮಾದಾರರ ಬಳಿ ಒತ್ತೆಯಾಗಿದ್ದವು. ಮೂವತ್ತು ವರ್ಷಗಳ ಕಾಲ ಆ ಪದವಿಯಲ್ಲಿದ್ದ ಅವನ ಕಾರ್ಯವನ್ನು ಹೊಗಳದ ಇತಿಹಾಸಕಾರರು ವಿರಳ. ಒತ್ತೆಯಾಗಿದ್ದ ತಾಲ್ಲೂಕುಗಳನ್ನು ಬಿಡಿಸಿದನು. ಕಂದಾಯದ ಗುತ್ತಿಗೆಯನ್ನು ಕೊನೆಗಾಣಿಸುತ್ತ ಸಂಬಳದ ಅಧಿಕಾರಿಗಳನ್ನು ನೇಮಿಸಿದನು. 1865ರಲ್ಲಿ ಜಿಲ್ಲಾಬಂದಿಯನ್ನು ಜಾರಿಗೆ ತಂದನು. 1868ರಲ್ಲಿ ನ್ಯಾಯ, ಕಂದಾಯ, ಪೋಲೀಸು, ಇತರ ಬಾಬುಗಳು ಎಂದು ನಾಲ್ಕು ಇಲಾಖೆಗಳನ್ನು ಮಾಡಿ ಒಂದೊಂದಕ್ಕೆ ಒಬ್ಬ ಸದರುಲ್ ಮಹಾಮನನ್ನು ಇಟ್ಟನು. ಜಿಲ್ಲೆ, ತಾಲ್ಲೂಕು, ಕಚೇರಿ ಎಂಬ ಇಂದಿನ ಆಡಳಿತದ ಅಸ್ತಿಭಾರವು ಆ ಭಾಗದಲ್ಲಿ ಬಿದ್ದುದು ಅವನ ಕಾಲದಲ್ಲಿಯೇ.

ಇಂಥ ಕೆಲಸವು ಅಂಥ ಕಗ್ಗಂಟಿನ ನಡುವೆ ಹೇಗೆ ಸಾಧ್ಯವಾಯಿತು ಎಂಬುದು ವಿಚಾರಾರ್ಹವಾದ ಪ್ರಶ್ನೆ. 1857ರ ಜುಲೈ 17ರಂದು ತುರ್ರೇಬಾಜಖಾನ ಮತ್ತು ಮೌಲವಿ ಅಲಾವುದ್ದೀನರ ಮುಂದಾಳುತನದಲ್ಲಿ ರೆಸಿಡೆನ್ಸಿಯ ಮೇಲೆ ದಾಳಿ ನಡೆದಾಗ ಸಾಲಾರಜಂಗನು ಆಂಗ್ಲರ ಪಕ್ಷದಲ್ಲಿ ದೃಢವಾಗಿ ನಿಂತನು. ಆ ವರ್ಷವೇ ಪಟ್ಟಕ್ಕೆ ಬಂದಿದ್ದ ಅಫ್ಜಲುದ್ದೌಲನಿಗೆ ಈ ದಿವಾನನ ಮೇಲೆ ಪ್ರೀತಿಯಿರಲಿಲ್ಲ. ನಿಜಾಮನ ಅಪ್ಪಣೆಯಿಲ್ಲದೆ ದಿವಾನನು ನಗರದ ಆಚೆಗೆ ಕಾಲಿಡುವಂತಿರಲಿಲ್ಲ. ತಾನು ಸುಧಾರಿಸಿದ ಜಿಲ್ಲೆಗಳನ್ನು ಅವನು ಕಣ್ಣಾರೆ ಕಾಣಲಾರದಾಗಿದ್ದನು. 1861ರಲ್ಲಿಯೂ 1867ರಲ್ಲಿಯೂ ಅವನನ್ನು ಪದವಿಯಿಂದ ಇಳಿಸುವ ಪ್ರಯತ್ನಗಳಾದವು. ಎರಡು ಸಲವೂ ರೆಸಿಡೆಂಟನು ನಡುವೆ ಬಂದು ಅವನನ್ನು ಉಳಿಸಿದನು. ಅಂದರೆ, ರಾಜನ ತಡೆಯನ್ನು ರೆಸಿಡೆಂಟನ ತಡೆಯು ನಿಲ್ಲಿಸುತ್ತಿದ್ದಿತು. ಆ ಎರಡರ ನಡುವಣ ಕಿರಿದಾದ ಜಾಗದಲ್ಲಿ ದಿವಾನನು ಕೆಲಸ ಮಾಡಿದನು. ಅಧಿಕಾರದ ತೂಕವು ಇಲ್ಲಿ ಫಲಕಾರಿಯಾಯಿತೆಂದು ಒಪ್ಪಲೇಬೇಕು.

1860ರ ಒಪ್ಪಂದದಿಂದ ರಾಯಚೂರು ದೋಆಬು ಮತ್ತು ನಳದುರ್ಗಗಳು ನಿಜಾಮನಿಗೆ ಮರಳಿ ಬಂದವು; ಐವತ್ತು ಲಕ್ಷದ ಸಾಲವು ವಜಾ ಆಯಿತು; ಸುರಪುರದ ಸಂಸ್ಥಾನವೂ ಅವನಿಗೆ ಸೇರಿತು. ರಾಜಾ ವೆಂಕಟಪ್ಪನಾಯಕನು 1858ರಲ್ಲಿ ಆಂಗ್ಲರ ವಿರುದ್ಧ ಎದ್ದು, ಸೆರೆಸಿಕ್ಕಿ, ತನ್ನ ಪ್ರಾಣವನ್ನೂ ಪೂರ್ವಿಕರ ನಾಡನ್ನೂ ಕಳೆದುಕೊಂಡನು. ಆ ನಾಡು ಆಂಗ್ಲರಿಂದ ನಿಜಾಮನಿಗೆ ಬಹುಮಾನವಾಗಿ ಹೋಯಿತು. ಏಳು ವರ್ಷಗಳ ಅವಧಿಯಲ್ಲಿ ದೋಆಬಿನ ರೈತನು ಎರಡು ಸಲ ಧಣಿಯನ್ನು ಬದಲಾಯಿಸಿದನು. ಬೇಡರ ನಾಡು ಒಂದು ಸಲ. ಎರಡರಲ್ಲಿಯೂ ಅಲ್ಲಿಯ ಜನರ ಅಭಿಪ್ರಾಯವನ್ನು ಕೇಳುವ ಪ್ರಸಕ್ತಿಯೇ ಬರಲಿಲ್ಲ.

ದಿವಾನನ ಅಧಿಕಾರಕ್ಕೆ ಮತ್ತೊಂದು ಮಿತಿಯೂ ಇದ್ದಿತು. ಅವನ ಸುಧಾರಣೆಯೆಲ್ಲ ದಿವಾನೀ ಪ್ರದೇಶಕ್ಕೆ ಮಾತ್ರ ಅನ್ವಯಿಸುತ್ತಿದ್ದಿತು. ನಿಜಾಮನ ಸ್ವಂತದ ಸರ್ಫೇಖಾಸ್, ಪಾಯಗಾ ಅಮೀರರ ಸೀಮೆಗಳು, ಜಹಗೀರಿಗಳು, ಸಂಸ್ಥಾನಗಳು ಸೇರಿ ರಾಜ್ಯದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಭೂಮಿ ಅದರ ಹೊರಗೆ ಉಳಿದಿದ್ದಿತು. ಕನ್ನಡ ಜಿಲ್ಲೆಗಳಲ್ಲಿ ಆಳಂದ, ಅಫಜಲಪುರ, ಚಿಟಗುಪ್ಪಾಗಳು ಪಾಯಗಾಕ್ಕೆ ಸೇರಿದ್ದವು. ಕೊಪ್ಪಳವು ಸಾಲಾರಜಂಗನ ಮನೆತನದ್ದೇ ಜಹಗೀರಿಯಾಗಿದ್ದಿತು. ಜಹಗೀರಿಯ ಪದ್ಧತಿಯನ್ನೇ ಮುಟ್ಟುವ ಸುಧಾರಣೆಯನ್ನು ಸಾಮ್ರಾಜ್ಯದ ಮಹಾ ಜಹಗೀರದಾರರಲ್ಲಿ ಒಬ್ಬನಾದ ದಿವಾನನಿಂದ ನಿರೀಕ್ಷಿಸುವಂತಿರಲಿಲ್ಲ.

ಕಾವಲು ಕೈಯೇ ತಡೆಯಾದುದು

1869ರಲ್ಲಿ ಅಫ್ಜಲುದ್ದೌಲನು ಮೃತನಾದಾಗ ಅವನ ಮಗ ಮೀರ್ ಮಹಬೂಬ್ ಅಲಿಖಾನನಿಗೆ ಮೂರು ವರ್ಷವೂ ತುಂಬಿರಲಿಲ್ಲ. ಸಾಲಾರಜಂಗನೂ ಪಾಯಗಾ ಮನೆತನದ ಹಿರಿಯ ಅಮೀರೇ ಕಬೀರನೂ ಜಂಟಿಯಾಗಿ ರಾಜಪ್ರತಿನಿಧಿಗಳಾದರು. ಅರಮನೆಯ ತಡೆಯು ಇಲ್ಲದಂತಾದುದರಿಂದ ದಿವಾನನ ಬಲವು ತುಟ್ಟತುದಿಗೇರಿತು. ಆಗ ಅವನು ತನ್ನ ಮನಸ್ಸಿನಲ್ಲಿದ್ದ ಮುಖ್ಯ ಕಾರ್ಯಕ್ಕೆ, ಎಂದರೆ ವರ್ಹಾಡವನ್ನು ಮರಳಿ ಪಡೆಯುವ ಕಾರ್ಯಕ್ಕೆ, ಕೈಹಾಕಿದನು. ಪತ್ರಗಳ ಮೇಲೆ ಪತ್ರಗಳನ್ನು ಬರೆದನು. 1876ರಲ್ಲಿ ಇಂಗ್ಲೆಂಡಿಗೆ ಹೋದನು. ಅಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಗೌರವ ಪದವಿ ದೊರೆಯಿತು. ಲಂಡನ್ ನಗರದ ಸನ್ಮಾನ ದೊರೆಯಿತು. ವರ್ಹಾಡ ಮಾತ್ರ ದೊರೆಯಲಿಲ್ಲ.

ಇಲ್ಲಿಂದ ಮುಂದೆ ತಕ್ಕಡಿ ತಿರುಗಿತು. ಎರಡು ಸಲ ಅವನನ್ನು ಉಳಿಸಿದ್ದ ರೆಸಿಡೆನ್ಸಿಯೇ ಈಗ ಅವನನ್ನು ಅಂಕೆಯಲ್ಲಿಡಲು ಬಯಸಿತು. 1877ರಲ್ಲಿ ಅಮೀರೇ ಕಬೀರನು ತೀರಿಕೊಂಡಾಗ, ವೈಸರಾಯ ಲಿಟನ್ನನ ಸರಕಾರವು ಅವನ ತಮ್ಮನೂ ಸಾಲಾರಜಂಗನ ಪ್ರತಿಸ್ಪರ್ಧಿಯೂ ಆಗಿದ್ದ ರಶೀದುದ್ದೀನಖಾನನನ್ನು ಸಹ ರಾಜಪ್ರತಿನಿಧಿಯಾಗಿ ಸ್ವೀಕರಿಸಬೇಕೆಂದು ಪಟ್ಟುಹಿಡಿಯಿತು. ದಿವಾನನು ವಿರೋಧಿಸಿದನು, ಕಡೆಗೆ ಮಣಿದನು. 1881ರಲ್ಲಿ ರಶೀದುದ್ದೀನನು ಸಾಯುವ ವರೆಗೆ ಎರಡು ಎತ್ತುಗಳನ್ನು ಎದುರುಬದುರಾಗಿ ಕಟ್ಟಿದ ಬಂಡಿಯಂತೆ ಆಡಳಿತವು ನಡೆಯಿತು. ಸಾಲಾರಜಂಗನು ತನ್ನ ಸ್ಥಾನಕ್ಕೆ ಜನರಲ್ಲಾಗಲಿ, ಸ್ಥಿರವಾದ ಸಭೆಯೊಂದರಲ್ಲಾಗಲಿ ಬೇರನ್ನು ಬಿಟ್ಟಿರಲಿಲ್ಲ. ಅವನ ಇಲಾಖೆಗಳು ಅವನಿಗೆ ಉತ್ತರ ಕೊಡುತ್ತಿದ್ದವು. ಅವನು ಯಾರಿಗೆ ಉತ್ತರ ಕೊಡಬೇಕೆಂಬುದು ನಿಶ್ಚಿತವಾಗಿರಲಿಲ್ಲ. ಆದುದರಿಂದಲೇ ಮೇಲಿನ ಕೈ ಸರಿದೊಡನೆ ಅವನು ಒಂಟಿಯಾದನು. 1883ರ ಫೆಬ್ರವರಿ 8ರಂದು ಅವನು ಅಕಸ್ಮಾತ್ತಾಗಿ ಕಾಲವಾದನು.

ಹತ್ತು ವರ್ಷಗಳ ಕಗ್ಗಂಟು

1884ರ ಫೆಬ್ರವರಿ 5ರಂದು ವೈಸರಾಯ ರಿಪನ್ನನು ಹೈದರಾಬಾದಿಗೆ ಬಂದು, ಹದಿನೇಳು ವರ್ಷದ ಮಹಬೂಬ್ ಅಲಿಖಾನನಿಗೆ ಪೂರ್ಣಾಧಿಕಾರವನ್ನು ವಹಿಸಿದನು. ದಿವಾನಗಿರಿಯು ಸಾಲಾರಜಂಗನ ಮಗ ಲಾಯಕ್ ಅಲಿಖಾನನಿಗೆ ಬಂದಿತು; ಅವನೂ ಇಪ್ಪತ್ತರ ಆಚೀಚಿನ ತರುಣನೇ. ಬಾಲ್ಯದಿಂದ ಪರಿಚಿತರಾದ ಇವರಿಬ್ಬರು ಕೂಡಿ ನಡೆದಾರೆಂಬ ಆಶೆಯು ಬಹು ಬೇಗ ಹುಸಿಯಾಯಿತು. ತಂದೆಯು ಅನುಭವಿಸಿದ ಅಧಿಕಾರವೆಲ್ಲ ತನ್ನದೆಂದು ದಿವಾನನು ಭಾವಿಸಿದನು; ರಾಜನು ಅಪ್ರಾಪ್ತವಯಸ್ಕನಾಗಿದ್ದಾಗಿನ ಏರ್ಪಾಡು ಇನ್ನು ಸಲ್ಲದೆಂದು ನಿಜಾಮನು ಭಾವಿಸಿದನು. ಇಬ್ಬರ ವಾದದಲ್ಲಿಯೂ ಹುರುಳಿದ್ದಿತು. ಆದರೆ ಅವರ ಅಧಿಕಾರಗಳ ಗಡಿಯನ್ನು ಗುರುತಿಸಿದ ಲಿಖಿತ ನಿಯಮವು ಯಾವುದೂ ಇರಲಿಲ್ಲ. ಕಾಗದಗಳು ಸಹಿಗಾಗಿ ಅರಮನೆಗೆ ಹೋಗಿ ಅಲ್ಲಿಯೇ ಉಳಿಯುತ್ತಿದ್ದವು. ಮಧ್ಯಸ್ಥಿಕೆಗೆಂದು ರೆಸಿಡೆನ್ಸಿಯ ಸೂಚನೆಯಂತೆ ಕರ್ನಲ್ ಮಾರ್ಷಲನು ನಿಜಾಮನ ಆಪ್ತ ಕಾರ್ಯದರ್ಶಿಯಾಗಿ ಬಂದನು. ಅದೂ ಫಲಿಸದೆ 1887ರಲ್ಲಿ ಲಾಯಕ್ ಅಲಿಖಾನನು ಪದವಿಯನ್ನು ಬಿಟ್ಟನು.

ಇದೇ ದಶಕದಲ್ಲಿ ಆಡಳಿತದ ಭಾಷೆಯು ಫಾರಸಿಯಿಂದ ಉರ್ದುವಿಗೆ ಬದಲಾಯಿತು. ನಗರದ ದೃಷ್ಟಿಯಿಂದ ಇದು ಮುಂದಿಟ್ಟ ಹೆಜ್ಜೆಯೇ ಸರಿ. ಆದರೆ ರಾಜ್ಯದ ಬಹುಸಂಖ್ಯಾತ ಪ್ರಜೆಗಳಾದ ತೆಲುಗರು, ಮರಾಠರು, ಕನ್ನಡಿಗರು ಇವರ ಪಾಲಿಗೆ ಅರ್ಥವಾಗದ ಒಂದು ಭಾಷೆಯ ಬದಲು ಇನ್ನೊಂದು ಬಂದಂತಾಯಿತು. ಪರಸ್ಪರ ಎಲ್ಲದರಲ್ಲಿಯೂ ತಡೆಯೊಡ್ಡುತ್ತಿದ್ದ ಶಕ್ತಿಗಳಲ್ಲಿ ಒಂದಾದರೂ ಇಂಥ ನಿರ್ಣಯಕ್ಕೆ ಅಡ್ಡಬರಲಿಲ್ಲ ಎಂಬುದು ಲಕ್ಷಿಸತಕ್ಕ ಅಂಶ. ತಡೆಯುವವರು ತಮಗೆ ತಾಕಿದುದನ್ನು ಮಾತ್ರ ತಡೆದರು.

ಲಾಯಕ್ ಅಲಿಖಾನನ ತರುವಾಯ ಬಂದ ಆಸ್ಮಾನ್ ಜಾಹನು ಪಾಯಗಾ ಮನೆತನದವನು, ನಿಜಾಮನಿಗೆ ಬಂಧು. ಅವನ ಕಾಲದಲ್ಲಿ ಕಗ್ಗಂಟು ಕಡಿಮೆಯಾಗದೆ ರೂಪವನ್ನು ಮಾತ್ರ ಬದಲಾಯಿಸಿತು. ಸಾಲಾರಜಂಗನು ಉತ್ತರ ಹಿಂದೂಸ್ಥಾನದಿಂದ ಕರೆತಂದಿದ್ದ ಮೆಹದಿ ಅಲಿ, ಮುಷ್ತಾಕ್ ಹುಸೇನ್ ಮೊದಲಾದ ಸಮರ್ಥ ಅಧಿಕಾರಿಗಳಿಗೂ ನಾಡಿನವರಿಗೂ, ಅಂದರೆ ಗೈರಮುಲ್ಕಿ ಮತ್ತು ಮುಲ್ಕಿಗಳ ನಡುವೆ, ಸ್ಪರ್ಧೆಯು ಬಲಿಯಿತು. 1888ರಲ್ಲಿ ಗಣಿ ಕಂಪನಿಯೊಂದರ ಷೇರುಗಳ ವ್ಯವಹಾರವು ಲಂಡನ್ನಿನ ಪಾರ್ಲಿಮೆಂಟಿನ ಸಮಿತಿಯ ಮುಂದೆ ವಿಚಾರಣೆಗೆ ಹೋಯಿತು. 1892ರಲ್ಲಿ ಒಬ್ಬ ಉನ್ನತಾಧಿಕಾರಿಯ ಕುಟುಂಬದ ಮೇಲೆ ಹೊರಟ ನಿಂದೆಯ ಕರಪತ್ರವೊಂದು ರೆಸಿಡೆನ್ಸಿಯ ನ್ಯಾಯಾಲಯದಲ್ಲಿ ದೀರ್ಘಕಾಲದ ಮೊಕದ್ದಮೆಯಾಯಿತು. ರಾಜ್ಯದೊಳಗೆ ಬಗೆಹರಿಯಬೇಕಾದ ಜಗಳಗಳೆಲ್ಲ ಒಂದೋ ಸೇತುವೆಯನ್ನು ದಾಟಿ ರೆಸಿಡೆನ್ಸಿಗೆ, ಇಲ್ಲವೆ ಸಮುದ್ರವನ್ನು ದಾಟಿ ಲಂಡನ್ನಿಗೆ ಹೋಗತೊಡಗಿದವು. ಒಂದೊಂದು ಕಗ್ಗಂಟಿನ ಕೊನೆಯಲ್ಲಿಯೂ ರೆಸಿಡೆಂಟನ ತಟ್ಟೆಯು ಇನ್ನಷ್ಟು ಕೆಳಗೆ ಜಗ್ಗುತ್ತಿದ್ದಿತು.

1893ರ ಕಾನೂನಚಾ

ಇಂಥ ಅನುಭವದಿಂದಲೇ 1893ರಲ್ಲಿ ಕಾನೂನಚಾ ಮುಬಾರಕ್ ಎಂಬ ಆಡಳಿತ ನಿಬಂಧನೆಯು ಹೊರಟಿತು. ಮದಾರುಲ್ ಮಹಾಮನ, ಎಂದರೆ ದಿವಾನನ, ಅಧಿಕಾರವೆಷ್ಟು. ಅವನ ಸಹಾಯಕ ಮಂತ್ರಿಗಳಾದ ಮುಯೀನುಲ್ ಮಹಾಮರ ಅಧಿಕಾರವೆಷ್ಟು. ಯಾವ ವಿಷಯವು ಮಂತ್ರಿಸಭೆಯ ಮುಂದೆ ಬರತಕ್ಕದ್ದು, ಯಾವುದು ನಿಜಾಮನ ಅಂಗೀಕಾರಕ್ಕೆ ಹೋಗತಕ್ಕದ್ದು ಎಂಬುದನ್ನು ಅದು ಬರೆಹದಲ್ಲಿ ನಿಗದಿಪಡಿಸಿತು. ಶಾಸನಗಳ ರಚನೆಗಾಗಿ ಒಂದು ಶಾಸನಸಭೆಯನ್ನೂ ಏರ್ಪಡಿಸಿತು. ಹೈದರಾಬಾದಿನ ಇತಿಹಾಸದಲ್ಲಿ ಅಧಿಕಾರದ ಗಡಿಗಳು ಲಿಖಿತವಾದುದು ಇದೇ ಮೊದಲೆನ್ನಬಹುದು. ಅಷ್ಟರ ಮಟ್ಟಿಗೆ ಅದು ದೊಡ್ಡ ಸುಧಾರಣೆಯೇ.

ಆದರೂ ಮೂಲದ ದೋಷವು ಹಾಗೆಯೇ ಉಳಿಯಿತು. ಶಾಸನಸಭೆಯಲ್ಲಿ ಅಧಿಕಾರಿಗಳೇ ಹೆಚ್ಚು ಮಂದಿ; ಉಳಿದವರು ಜಹಗೀರದಾರರ ಮತ್ತು ವಕೀಲರ ಕಡೆಯ ಕೆಲವರು. ರಾಜನ ಹಕ್ಕುಗಳಾಗಲಿ ಆಂಗ್ಲರೊಡನಾದ ಒಪ್ಪಂದಗಳಾಗಲಿ ಅದರ ಚರ್ಚೆಗೆ ಒಳಪಡತಕ್ಕುವಲ್ಲ. ತಕ್ಕಡಿಯ ತಟ್ಟೆಗಳ ಮೇಲೆ ಗುರುತು ಬರೆದಂತಾಯಿತೇ ಹೊರತು, ತೂಗುವವನ ಕೈಯನ್ನು ನೋಡುವವರಿನ್ನೂ ಇರಲಿಲ್ಲ.

ಈ ಸಂದರ್ಭದಲ್ಲಿ ಮೈಸೂರಿನ ಉದಾಹರಣೆಯು ಸಹಜವಾಗಿ ನೆನಪಿಗೆ ಬರುತ್ತದೆ. ಅಲ್ಲಿಯೂ ಮಹಾರಾಜ, ದಿವಾನ, ರೆಸಿಡೆಂಟ ಎಂಬ ಮೂರು ಶಕ್ತಿಗಳೇ ಇದ್ದವು. ಆಂಗ್ಲರ ಹಿಡಿತವು ಅಲ್ಲಿ ಇನ್ನೂ ಬಿಗಿಯಾಗಿದ್ದಿತು. ಆದರೆ 1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿ ಬಂದ ವರ್ಷವೇ ದಿವಾನ ರಂಗಾಚಾರ್ಲು ಅವರು 144 ಮಂದಿಯ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಆ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ದಿವಾನರ ಭಾಷಣವನ್ನು ಕೇಳಿ, ತಮ್ಮ ತಮ್ಮ ಸೀಮೆಯ ಅಹವಾಲುಗಳನ್ನು ಹೇಳಿಕೊಳ್ಳುವುದಷ್ಟೇ ಅದರ ಕಾರ್ಯ. ಹಾಗಿದ್ದರೂ ಕೆರೆ, ಕಾಲುವೆ, ಕಂದಾಯಗಳ ಮಾತು ವರ್ಷಕ್ಕೊಮ್ಮೆ ಬಹಿರಂಗವಾಗಿ ಕೇಳಿಬರುವ ಒಂದು ಸ್ಥಳವು ಅಲ್ಲಿ ಉಂಟಾಯಿತು. 1907ರಲ್ಲಿ ಶಾಸನಸಭೆಯು ಅದರ ಮುಂದಿನ ಮೆಟ್ಟಿಲಾಯಿತು. ಸುರಪುರದ ರೈತನಿಗೂ ಚಿತ್ರದುರ್ಗದ ರೈತನಿಗೂ ಇದ್ದ ಮುಖ್ಯ ಅಂತರವು ಇದೇ: ಒಬ್ಬನ ದೂರು ದಫ್ತರದ ಕಾಗದವಾಗಿ ಉಳಿಯಿತು, ಮತ್ತೊಬ್ಬನದು ಸಭೆಯ ನಡಾವಳಿಯಲ್ಲಿ ಮುದ್ರಿತವಾಯಿತು.

ಕೌನ್ಸಿಲಿನ ಕಾಲ

1902ರಲ್ಲಿ ಕರ್ಜನ್ನನು ಮಹಬೂಬ್ ಅಲಿಖಾನನಿಂದ ವರ್ಹಾಡವನ್ನು ವರ್ಷಕ್ಕೆ ಇಪ್ಪತ್ತೈದು ಲಕ್ಷ ರೂಪಾಯಿಗಳಿಗೆ ಶಾಶ್ವತವಾದ ಗೇಣಿಗೆ ಬರೆಯಿಸಿಕೊಂಡನು. ಸಾಲಾರಜಂಗನು ಜೀವಮಾನವೆಲ್ಲ ಹಿಡಿದ ವ್ಯಾಜ್ಯವು ಹೀಗೆ ಮುಗಿಯಿತು. 1911ರಲ್ಲಿ ಪಟ್ಟಕ್ಕೆ ಬಂದ ಮೀರ್ ಉಸ್ಮಾನ್ ಅಲಿಖಾನನು ತಕ್ಕಡಿಯ ಒಂದು ತಟ್ಟೆಯನ್ನೇ ತೆಗೆದುಹಾಕಿದನು: 1914ರಿಂದ ಐದು ವರ್ಷ ದಿವಾನನಿಲ್ಲದೆ ತಾನೇ ಆಳಿದನು. 1919ರ ನವೆಂಬರಿನಲ್ಲಿ ಸರ್ ಅಲಿ ಇಮಾಮನನ್ನು ಅಧ್ಯಕ್ಷನನ್ನಾಗಿ ಮಾಡಿ ಬಾಬೇ ಹುಕೂಮತ್ ಎಂಬ ಕಾರ್ಯಕಾರಿ ಕೌನ್ಸಿಲನ್ನು ಸ್ಥಾಪಿಸಿದನು. ಅಧಿಕಾರವು ಒಬ್ಬ ದಿವಾನನಿಂದ ಹಲವು ಸದಸ್ಯರಿಗೆ ಹಂಚಿತು. ಕಡೆಯ ಮಾತು ಮಾತ್ರ ರಾಜನದೇ ಆಗಿ ಉಳಿಯಿತು. ಶಾಸನಸಭೆಯ ವಿಸ್ತಾರವನ್ನು ಕುರಿತು ರಾಯ ಬಾಲಮುಕುಂದರಿಂದ ವರದಿಯೊಂದು ತಯಾರಾದರೂ ಅದು ಕಾರ್ಯಕ್ಕೆ ಬರಲಿಲ್ಲ.

1926ರ ಮಾರ್ಚಿ 27ರ ಪತ್ರದಲ್ಲಿ ವೈಸರಾಯ ರೀಡಿಂಗನು, ಸಾರ್ವಭೌಮ ಸತ್ತೆಯೊಡನೆ ಸರಿಸಮನಾಗಿ ವಾದಿಸುವ ಹಕ್ಕು ಯಾವ ದೇಶೀಯ ರಾಜನಿಗೂ ಇಲ್ಲವೆಂದು ನಿಜಾಮನಿಗೆ ಸ್ಪಷ್ಟಪಡಿಸಿದನು. ಅಲ್ಲಿಂದ ಮುಂದೆ ಕೌನ್ಸಿಲಿನ ಸದಸ್ಯರ ನೇಮಕಕ್ಕೂ ರೆಸಿಡೆನ್ಸಿಯ ಒಪ್ಪಿಗೆ ಬೇಕಾಯಿತು. ಆಂಗ್ಲ ಅಧಿಕಾರಿಗಳು ಕೌನ್ಸಿಲಿನೊಳಗೇ ಬಂದು ಕುಳಿತರು.

ಈ ನಡುವೆ ಮೂರು ಮಂದಿರಗಳ ಹೊರಗೆ ನಾಲ್ಕನೆಯ ಶಕ್ತಿಯೊಂದು ತಲೆಯೆತ್ತುತ್ತಿದ್ದಿತು. ಆಂಧ್ರ ಮಹಾಸಭೆ, ಮಹಾರಾಷ್ಟ್ರ ಪರಿಷತ್ತು, ನಿಜಾಮ ಕರ್ನಾಟಕ ಪರಿಷತ್ತುಗಳು 1930ರ ದಶಕದಲ್ಲಿ ಭಾಷೆ, ಶಿಕ್ಷಣ, ಜವಾಬ್ದಾರಿ ಸರಕಾರ ಇವುಗಳ ಮಾತನ್ನೆತ್ತಿದವು. 1937ರಲ್ಲಿ ಅರವಮುದು ಅಯ್ಯಂಗಾರರ ಅಧ್ಯಕ್ಷತೆಯಲ್ಲಿ ಸುಧಾರಣಾ ಸಮಿತಿಯು ನೇಮಕವಾಯಿತು. 1938ರಲ್ಲಿ ಹೈದರಾಬಾದು ಸ್ಟೇಟ್ ಕಾಂಗ್ರೆಸ್ಸು ಹುಟ್ಟುವಾಗಲೇ ನಿಷಿದ್ಧವಾಯಿತು. ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಜನಿಸಿದ ಸ್ವಾಮಿ ರಮಾನಂದ ತೀರ್ಥರು ಸತ್ಯಾಗ್ರಹ ಮಾಡಿ ಸೆರೆಮನೆಗೆ ಹೋದರು. 1939ರಲ್ಲಿ ಸಾರಿದ ಸುಧಾರಣೆಯಂತೆ ಶಾಸನಸಭೆಗೆ 85 ಸದಸ್ಯರು. ಅವರಲ್ಲಿ ಚುನಾಯಿತರಾಗತಕ್ಕವರು 42, ಎಂದರೆ ಅರ್ಧಕ್ಕಿಂತ ಕಡಿಮೆ. ಪ್ರದೇಶವಾರು ಮತದಾನದ ಬದಲು ವೃತ್ತಿ ಮತ್ತು ಹಿತಾಸಕ್ತಿಗಳ ಮೇಲೆ ಚುನಾವಣೆ. ಯುದ್ಧದ ನೆಪದಿಂದ ಅದೂ ಮುಂದೆ ಹೋಗಿ, ಸಭೆಯು ಸೇರಿದುದು 1946ರಲ್ಲಿ. ಅದನ್ನು ಕಾಂಗ್ರೆಸ್ಸು ಬಹಿಷ್ಕರಿಸಿತು. ಮೈಸೂರಿನಲ್ಲಿ 1881ರಲ್ಲಿ ಇಟ್ಟ ಹೆಜ್ಜೆಗೆ ಹೈದರಾಬಾದಿನಲ್ಲಿ ಆರು ದಶಕಗಳು ಬೇಕಾದವು.

ಕೊನೆಯ ಕಗ್ಗಂಟು

1947ರ ಆಗಸ್ಟಿನಲ್ಲಿ ಆಂಗ್ಲರು ಹೋದರು. ತಕ್ಕಡಿಯ ಅತ್ಯಂತ ಭಾರವಾದ ಕಲ್ಲು ಎದ್ದುಹೋಯಿತು. ಹಿಂದೆ ಕಗ್ಗಂಟಾದಾಗಲೆಲ್ಲ ಬಿಡಿಸುತ್ತಿದ್ದ ಹೊರಗಿನ ಕೈ ಈಗ ಇರಲಿಲ್ಲ. ಒಳಗೆ ಅದನ್ನು ಬಿಡಿಸಬಲ್ಲ ಪ್ರಜಾಸಭೆಯನ್ನು ಯಾರೂ ಬೆಳೆಯಗೊಟ್ಟಿರಲಿಲ್ಲ. ಆ ತೆರವಾದ ಸ್ಥಾನವನ್ನು ಬೀದಿಯು ತುಂಬಿತು. ಭಾರತ ಸರಕಾರದೊಡನೆ ಒಪ್ಪಂದದ ಕರಡು ಸಿದ್ಧವಾಗಿ, ನಿಜಾಮನ ನಿಯೋಗವು ದೆಹಲಿಗೆ ಹೊರಡಬೇಕಾಗಿದ್ದ ಅಕ್ಟೋಬರ್ 27ರ ನಸುಕಿನಲ್ಲಿ ಇತ್ತೇಹಾದಿನ ಬೆಂಬಲಿಗರ ಗುಂಪು ನಿಯೋಗದವರ ಮನೆಗಳನ್ನು ಮುತ್ತಿ ಅವರನ್ನು ತಡೆಯಿತು. ಪ್ರಧಾನಿ ಛತಾರಿಯ ನವಾಬನು ರಾಜೀನಾಮೆ ಕೊಟ್ಟನು. ಮೀರ್ ಲಾಯಕ್ ಅಲಿಯು ಆ ಸ್ಥಾನಕ್ಕೆ ಬಂದನು. ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದಕ್ಕೆ ಒಂದು ವರ್ಷದ ಅವಧಿಗೆ ಸಹಿ ಬಿದ್ದಿತು. ಆ ಒಪ್ಪಂದದ ಹೆಸರೇ ಸಂಸ್ಥಾನದ ಇಡಿಯ ಚರಿತ್ರೆಯ ಸಾರವನ್ನು ಹೇಳುವಂತಿದೆ. ಯಥಾಸ್ಥಿತಿಯು ಉಳಿಯಲಿಲ್ಲ. ಒಂದು ಕಡೆ ರಜಾಕಾರರ ಹಾವಳಿ, ಮತ್ತೊಂದು ಕಡೆ ತೆಲಂಗಾಣದ ರೈತರ ಬಂಡಾಯ. ಗಡಿಯ ಕನ್ನಡ ಹಳ್ಳಿಗಳ ಜನರು ಮನೆಮಾರುಗಳನ್ನು ತೊರೆದು ಬ್ರಿಟಿಷ್ ಹಿಂದೂಸ್ಥಾನವಾಗಿದ್ದ ನೆರೆಯ ಜಿಲ್ಲೆಗಳಿಗೆ ವಲಸೆ ಹೋದರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯವು ಪ್ರವೇಶಿಸಿತು. 17ರಂದು ನಿಜಾಮನ ಸರಕಾರವು ಕೊನೆಗೊಂಡಿತು. ಆ ದಿನಗಳಲ್ಲಿಯೂ ಅವುಗಳ ತರುವಾಯವೂ ಉಭಯ ಮತಗಳ ನಿರಪರಾಧಿಗಳು ಪ್ರಾಣ ತೆತ್ತರು. ಈ ಕೊನೆಯ ಕಗ್ಗಂಟನ್ನೂ ಹಿಂದಿನವುಗಳಂತೆ ಹೊರಗಿನಿಂದಲೇ ಬಿಡಿಸಬೇಕಾಯಿತು. ಬೆಲೆ ಮಾತ್ರ ಹಿಂದೆಂದಿಗಿಂತಲೂ ಹೆಚ್ಚಾಗಿದ್ದಿತು.

ಫಲಶ್ರುತಿ

1952ರಲ್ಲಿ ವಯಸ್ಕರ ಮತದಾನದಿಂದ 175 ಸ್ಥಾನಗಳ ವಿಧಾನಸಭೆಯು ಚುನಾಯಿತವಾಯಿತು. ಕಾಂಗ್ರೆಸ್ಸು 93 ಸ್ಥಾನಗಳನ್ನು ಪಡೆದು ಬೂರ್ಗುಲ ರಾಮಕೃಷ್ಣರಾಯರು ಮುಖ್ಯಮಂತ್ರಿಗಳಾದರು. ಎದುರಿನಲ್ಲಿ ಪ್ರಬಲವಾದ ವಿರೋಧ ಪಕ್ಷವಿದ್ದಿತು. ಈ ಸಭೆಯಲ್ಲಿಯೂ ತಡೆಗಳಿದ್ದವು, ಬಣಗಳಿದ್ದವು. ಆದರೆ 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿಯು ಬಂದಾಗ, ಅದನ್ನು ಮೂರು ಭಾಷೆಗಳ ಪ್ರತಿನಿಧಿಗಳು ಒಂದೇ ಛಾವಣಿಯ ಕೆಳಗೆ ಬಹಿರಂಗವಾಗಿ ಚರ್ಚಿಸಿದರು. 1956ರ ನವೆಂಬರ್ 1ರಂದು ಬೀದರ, ಕಲಬುರಗಿ, ರಾಯಚೂರುಗಳ ಕನ್ನಡ ಪ್ರದೇಶವು ಮೈಸೂರು ರಾಜ್ಯವನ್ನು ಸೇರಿತು. 1853ರಲ್ಲಿಯೂ 1860ರಲ್ಲಿಯೂ ಒಂದು ಸಹಿಯಿಂದ ಕೈ ಬದಲಾಯಿಸಿದ್ದ ದೋಆಬು, ಈ ಸಲ ತನ್ನ ಪ್ರತಿನಿಧಿಗಳ ಮಾತನ್ನು ಕೇಳಿದ ಬಳಿಕ ಕೈ ಬದಲಾಯಿಸಿತು.

ಕಳೆದುಹೋದ ಕಾಲದ ಬೆಲೆಯು ಅಷ್ಟಕ್ಕೇ ತೀರಲಿಲ್ಲ. ಆ ಜಿಲ್ಲೆಗಳ ವಿದ್ಯಾಭ್ಯಾಸ, ಉದ್ಯೋಗ, ನೀರಾವರಿಗಳ ಹಿಂದುಳಿಯುವಿಕೆಯನ್ನು ಗಮನಿಸಿ, 2012ರಲ್ಲಿ ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ವಿಧಿಯನ್ನು ಸೇರಿಸಬೇಕಾಯಿತು. 2019ರಲ್ಲಿ ಆ ಭಾಗಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರಾಯಿತು. ಈ ಹಿಂದುಳಿಯುವಿಕೆಗೆ ಬರ, ಭೂಮಿಯ ಹಂಚಿಕೆ, 1956ರ ತರುವಾಯದ ಅಲಕ್ಷ್ಯ ಮೊದಲಾದ ಅನ್ಯ ಕಾರಣಗಳೂ ಉಂಟು. ಆದರೆ ಮೂರು ಶಕ್ತಿಗಳು ಪರಸ್ಪರ ಕಾಯುತ್ತ ಕುಳಿತಿದ್ದ ಕಾಲದಲ್ಲಿ ಶಾಲೆ ಕಾಲುವೆಗಳ ಮಾತನ್ನು ಎತ್ತುವವರಿಗೆ ಸ್ಥಳವಿರಲಿಲ್ಲವೆಂಬುದನ್ನು ಆ ಕಾರಣಗಳ ಸಾಲಿನಿಂದ ಬಿಡಲಾಗದು.

ಅಧಿಕಾರಗಳು ಒಂದನ್ನೊಂದು ತಡೆಯುವುದು ತನ್ನಷ್ಟಕ್ಕೆ ಗುಣವೂ ಅಲ್ಲ, ದೋಷವೂ ಅಲ್ಲ. ಸಾಲಾರಜಂಗನ ಮೊದಲ ಇಪ್ಪತ್ತು ವರ್ಷಗಳಲ್ಲಿ ಅದು ಸುಧಾರಣೆಗೆ ಆಸರೆಯಾಯಿತು. ಅವನ ಮಗನ ಕಾಲದಲ್ಲಿ ಆಡಳಿತವನ್ನೇ ನಿಲ್ಲಿಸಿತು. ತಡೆಯುವವನು ಯಾರಿಗೆ ಹೊಣೆ, ತಡೆಯು ಮಿತಿಮೀರಿದಾಗ ತೀರ್ಪು ಯಾರದು ಎಂಬ ಎರಡು ಪ್ರಶ್ನೆಗಳಿಗೆ ಉತ್ತರವು ರಾಜ್ಯದೊಳಗೇ ದೊರೆಯುವಂತಿದ್ದರೆ ಮಾತ್ರ ಅಧಿಕಾರದ ತೂಕವು ಪ್ರಜೆಯ ರಕ್ಷಣೆಯಾಗುತ್ತದೆ. ಹೈದರಾಬಾದಿನಲ್ಲಿ ಆ ಉತ್ತರವು ಬಹುಕಾಲ ಸೇತುವೆಯ ಆಚೆಗಿದ್ದಿತು.

ನಗರದ ಬಾಗೇ ಆಮ್ ಉದ್ಯಾನದಲ್ಲಿ ಬಿಳಿಯ ಗುಮ್ಮಟಗಳ ಒಂದು ಕಟ್ಟಡವಿದೆ. ಮಹಬೂಬ್ ಅಲಿಖಾನನ ನಲವತ್ತನೆಯ ವರ್ಷದ ನೆನಪಿಗಾಗಿ ನಾಗರಿಕರ ವಂತಿಗೆಯಿಂದ 1905ರಲ್ಲಿ ಆರಂಭವಾಗಿ 1913ರಲ್ಲಿ ಮುಗಿದ ಪುರಭವನವದು. ಮುಂದೆ ವಿಧಾನಸಭೆಯು ಸೇರಿದುದು ಅಲ್ಲಿಯೇ. ಚೌಮಹಲ್ಲಾವನ್ನು ನಿಜಾಮರು ಕಟ್ಟಿಸಿದರು, ದೇವಡಿಯನ್ನು ದಿವಾನರು, ರೆಸಿಡೆನ್ಸಿಯನ್ನು ಆಂಗ್ಲರು. ನಾಲ್ಕನೆಯದಾದ ಇದಕ್ಕೆ ಮಾತ್ರ ಊರವರು ಹಣ ಕೂಡಿಸಿದರು. ಕಟ್ಟಡವು ಮುಗಿದ ಮೇಲೆ ಅದರೊಳಗೆ ತಮ್ಮ ಪ್ರತಿನಿಧಿಗಳು ಕುಳಿತುದನ್ನು ನೋಡಲು ಅವರ ಮಕ್ಕಳು ಇನ್ನೂ ಮೂವತ್ತೊಂಬತ್ತು ವರ್ಷ ಕಾಯಬೇಕಾಯಿತು.